ಉತಾರದ ಮೇಲಿನ ಕಾಣದ ಸಹಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳ ರೈತರು 'ಉತಾರ' ಎಂದೇ ಕರೆಯುವ ಪಹಣಿ, ನಾಡಕಚೇರಿ ನೀಡುವ ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ತಂತ್ರಾಂಶದ ಮೂಲಕ ದೊರೆಯುವ ನಮೂನೆ 9 ಮತ್ತು 11, ಉಪನೋಂದಣಿ ಕಚೇರಿಯ ಋಣಭಾರ ಪ್ರಮಾಣಪತ್ರ, ಇವೆಲ್ಲ ಇಂದು ಅಧಿಕಾರಿಯ ಡಿಜಿಟಲ್ ಸಹಿಯೊಂದಿಗೆ ಹೊರಬರುತ್ತವೆ. ಶಾಯಿಯ ಸಹಿ ಇರಬೇಕಾಗಿದ್ದ ಜಾಗದಲ್ಲಿ ಹೆಸರು, ದಿನಾಂಕ, ಸಮಯ ಮುದ್ರಿತವಾದ ಒಂದೆರಡು ಸಾಲುಗಳಷ್ಟೇ ಕಾಣುತ್ತವೆ. ನಿಜವಾದ ಸಹಿ ಗಣಕದ ಕಡತದೊಳಗೆ ಅಂಕಿಗಳ ರೂಪದಲ್ಲಿ ಅಡಗಿರುತ್ತದೆ. ಇಂಥ ಸಹಿಯನ್ನು ಕಾನೂನು ಒಪ್ಪಿಕೊಂಡು ಕಾಲು ಶತಮಾನ ಸಂದಿದ್ದರೂ 'ಇದಕ್ಕ ಸಾಹೇಬ್ರ ಸಹಿ, ಶಿಕ್ಕಾ ಹಾಕಿಸಿಕೊಂಡು ಬರ್ರಿ' ಎಂದು ಕಾಗದವನ್ನು ಹಿಂದಿರುಗಿಸುವ ಕಚೇರಿಗಳು ಇನ್ನೂ ಇವೆ. ಈ ಅಪನಂಬಿಕೆಯನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಸಹಿಯ ಚರಿತ್ರೆಯನ್ನು ನೋಡಿದರೆ ಅದಕ್ಕೆ ಅದರದೇ ಆದ ಕಾರಣಗಳಿರುವುದು ತಿಳಿಯುತ್ತದೆ.

ಸಹಿ ಎಂಬುದು ಯಾವ ಕಾಲದಲ್ಲೂ ಹೆಸರಿನ ಅಕ್ಷರಗಳಿಗೆ ಕಟ್ಟುಬಿದ್ದಿರಲಿಲ್ಲ. ವಿಜಯನಗರದ ಅರಸರ ತಾಮ್ರಶಾಸನಗಳು ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಬರೆಯಲ್ಪಟ್ಟಿದ್ದರೂ ಅವುಗಳ ಕೊನೆಯಲ್ಲಿ ಕನ್ನಡ ಲಿಪಿಯಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತಿತ್ತು. ದಾನ ಕೊಟ್ಟ ಅರಸನ ಒಪ್ಪವಾಗಿ ನಿಂತದ್ದು ಅವನ ಹೆಸರಲ್ಲ, ಅವನ ದೇವರ ಹೆಸರು. 1897ರ ಸಾಮಾನ್ಯ ಖಂಡಗಳ ಅಧಿನಿಯಮವೂ ತನ್ನ ಹೆಸರು ಬರೆಯಲಾರದವನ ವಿಷಯದಲ್ಲಿ 'ಗುರುತು' ಹಾಕುವುದನ್ನೇ ಸಹಿ ಎಂದು ಎಣಿಸಿತು. ಕಾನೂನಿಗೆ ಬೇಕಾಗಿದ್ದುದು ಮೂರು ಪ್ರಶ್ನೆಗಳಿಗೆ ಉತ್ತರ: ಒಪ್ಪಿದವನು ಯಾರು, ಅವನು ಒಪ್ಪಿದ ಬರಹ ಇದೇ ಹೌದೇ, ಅದನ್ನು ಅವನು ತಿಳಿದು ಒಪ್ಪಿದನೇ. ಎಲೆಕ್ಟ್ರಾನಿಕ್ ಸಹಿಯ ಇತಿಹಾಸವೆಂದರೆ ಮೊದಲ ಎರಡು ಪ್ರಶ್ನೆಗಳಿಗೆ ಹಿಂದೆಂದೂ ಇಲ್ಲದಷ್ಟು ಖಚಿತವಾದ ಉತ್ತರ ದೊರೆತು, ಮೂರನೆಯದು ಬಹುಮಟ್ಟಿಗೆ ಹಿಂದೆ ಉಳಿದುಹೋದ ಇತಿಹಾಸ.

ಮೊದಲ ಪ್ರಶ್ನೆಗೆ ದೇಹವೇ ಉತ್ತರ ಹೇಳಬಹುದೆಂಬ ಯೋಚನೆ ಆಧುನಿಕ ಆಡಳಿತದ ಬಳಕೆಗೆ ಬಂದದ್ದು ಭಾರತದಲ್ಲಿ. 1858ರ ಜುಲೈನಲ್ಲಿ ಬಂಗಾಳದ ಜಂಗೀಪುರದ ಅಧಿಕಾರಿ ವಿಲಿಯಂ ಹರ್ಷೆಲ್, ರಸ್ತೆ ಕಾಮಗಾರಿಯ ಸಾಮಗ್ರಿ ಒದಗಿಸಲು ಒಪ್ಪಿದ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನಿಂದ ಕರಾರಿನ ಹಿಂಬದಿಯಲ್ಲಿ ಇಡೀ ಅಂಗೈಯ ಅಚ್ಚು ಒತ್ತಿಸಿಕೊಂಡನು. 1877ರ ಹೊತ್ತಿಗೆ ಹೂಗ್ಲಿಯಲ್ಲಿ ಪಿಂಚಣಿ ಮತ್ತು ದಸ್ತಾವೇಜು ನೋಂದಣಿಗಳಿಗೆ ಬೆರಳಚ್ಚನ್ನು ಬಳಸತೊಡಗಿದನು. ಮುಂದಿನ ನೂರು ವರ್ಷ ಹಳ್ಳಿಯವನ ಹೆಬ್ಬೆಟ್ಟೇ ಅವನ ಸಹಿಯಾಯಿತು.

ಆದರೆ ಹೆಬ್ಬೆಟ್ಟು ಯಾರದೆಂದು ತಿಳಿದ ಮಾತ್ರಕ್ಕೆ ಅದರ ಮೇಲೆ ಬರೆದದ್ದು ಏನೆಂದು ಅವನಿಗೆ ತಿಳಿದಿತ್ತೆಂದು ಹೇಳಲಾಗದು. ಬೆಳಗಾವಿಯ ಈ ಭಾಗ 1956ರವರೆಗೆ ಸೇರಿದ್ದ ಮುಂಬೈ ಪ್ರಾಂತ್ಯ ಇದನ್ನು ಕಹಿಯಾದ ರೀತಿಯಲ್ಲಿ ಕಲಿತಿತ್ತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ಆರಂಭವಾಗಿ ಅಹ್ಮದನಗರದ ಕಡೆಗೂ ಹಬ್ಬಿದ ದಖ್ಖನ್ ರೈತರ ದಂಗೆಯಲ್ಲಿ ಜನ ಸಾಹುಕಾರರ ಮನೆಗಳಿಗೆ ನುಗ್ಗಿ ಹುಡುಕಿದ್ದು ಸಾಲದ ಪತ್ರಗಳನ್ನು. ಸಿಕ್ಕ ಪತ್ರಗಳನ್ನು ಬೀದಿಯಲ್ಲಿ ಸುಟ್ಟರು. ಓದಲು ಬಾರದವನ ಗುರುತಿನ ಮೇಲೆ ಸಾಹುಕಾರ ಏನನ್ನು ಬೇಕಾದರೂ ಬರೆದುಕೊಳ್ಳಬಲ್ಲನೆಂಬ ಸಿಟ್ಟು ಅದರ ಹಿಂದಿತ್ತು. ಅದರ ಫಲವಾಗಿ ಬಂದ 1879ರ ದಖ್ಖನ್ ಕೃಷಿಕರ ಪರಿಹಾರ ಅಧಿನಿಯಮವು ಗ್ರಾಮ ನೋಂದಣಾಧಿಕಾರಿ ಎಂಬ ಹೊಸ ಹುದ್ದೆಯನ್ನೇ ನಿರ್ಮಿಸಿತು. ಕಾಯ್ದೆ ಜಾರಿಯಲ್ಲಿದ್ದ ಪ್ರದೇಶಗಳಲ್ಲಿ ರೈತ ಮಾಡಿಕೊಡುವ ಪತ್ರವನ್ನು ಆ ಅಧಿಕಾರಿಯೇ ಬರೆಯಬೇಕು ಅಥವಾ ಬರೆಸಬೇಕು, ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆ ತನ್ನೆದುರಿನಲ್ಲಿ ಸಹಿ ಇಲ್ಲವೆ ಗುರುತು ಹಾಕಿಸಬೇಕು ಎಂದು ವಿಧಿಸಿತು. ಮೂರನೆಯ ಪ್ರಶ್ನೆಯನ್ನು ಇಷ್ಟು ನೇರವಾಗಿ ಎದುರಿಸಿದ ಕಾನೂನು ಅದಕ್ಕೆ ಮೊದಲೂ ಅಪರೂಪ, ಅನಂತರವೂ ಅಪರೂಪ.

ವಿದ್ಯುತ್ತಿನ ಮೂಲಕ ಒಪ್ಪಿಗೆ ಕಳಿಸುವ ವ್ಯವಹಾರ ಗಣಕಕ್ಕಿಂತ ಬಹಳ ಹಳೆಯದು. ತಂತಿ ಸಂದೇಶದ ಮೂಲಕ ಆದ ಒಪ್ಪಂದಕ್ಕೆ ಸಹಿ ಉಂಟೇ ಎಂಬ ಪ್ರಶ್ನೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ನ್ಯಾಯಾಲಯದ ಮುಂದೆ 1869ರಲ್ಲಿ, ಹೌಲಿ ಮತ್ತು ವಿಪಲ್ ನಡುವಿನ ಮೊಕದ್ದಮೆಯಲ್ಲಿ ಬಂದಾಗ, ಬರೆಯುವವನ ಲೇಖನಿ ಒಂದಂಗುಲದ ಉಕ್ಕಿನ ಮೊನೆಯಾಗಿರಲಿ, ಸಾವಿರ ಮೈಲಿ ಉದ್ದದ ತಾಮ್ರದ ತಂತಿಯಾಗಿರಲಿ, ಕಾನೂನಿಗೆ ವ್ಯತ್ಯಾಸವಿಲ್ಲವೆಂಬ ಅರ್ಥದ ತೀರ್ಪು ಬಂತು. ಗೋಕಾಕ ಜಲಪಾತದ ನೀರಿನ ಬಲವನ್ನು ನಂಬಿ ಹತ್ತಿ ಗಿರಣಿಯ ಕಂಪನಿ ಸ್ಥಾಪನೆಯಾದ 1885ರಲ್ಲೇ ಭಾರತೀಯ ಟೆಲಿಗ್ರಾಫ್ ಅಧಿನಿಯಮವೂ ಜಾರಿಗೆ ಬಂತು. ಆ ಕಾಲದ ಹತ್ತಿಯ ವ್ಯಾಪಾರ ದೇಶದುದ್ದಕ್ಕೂ 'ತಾರು' ಎಂದು ಜನ ಕರೆಯುತ್ತಿದ್ದ ತಂತಿಯ ಮೇಲೆಯೇ ನಡೆಯುತ್ತಿತ್ತು. ದೂರವಾಣಿಯ ಸರದಿ ಬಂದಾಗ ಭಾರತದ ಸುಪ್ರೀಂ ಕೋರ್ಟು ತೀರ್ಮಾನಿಸಿದ್ದೂ ಹತ್ತಿಗೆ ಸಂಬಂಧಿಸಿದ ಒಂದು ವ್ಯಾಜ್ಯವನ್ನೇ. ಅಹಮದಾಬಾದಿನ ವ್ಯಾಪಾರಿ ಮತ್ತು ಖಾಮಗಾಂವದ ವ್ಯಾಪಾರಿಯ ನಡುವೆ ಹತ್ತಿಕಾಳಿನ ಹಿಂಡಿಗಾಗಿ ಫೋನಿನಲ್ಲಿ ಆದ ಮಾತು ಯಾವ ಊರಿನಲ್ಲಿ ಒಪ್ಪಂದವಾಯಿತೆಂಬ ಪ್ರಶ್ನೆಗೆ, ಒಪ್ಪಿಗೆಯ ಮಾತು ಕೇಳಿಸಿದ ಊರಾದ ಅಹಮದಾಬಾದಿನಲ್ಲಿ ಎಂದು 1965ರಲ್ಲಿ ಬಹುಮತದ ತೀರ್ಪು ಹೇಳಿತು; ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ಭಿನ್ನ ಮತ ಬರೆದರು. ಭಗವಾನ್‌ದಾಸ್ ಕೇಡಿಯಾ ಪ್ರಕರಣವೆಂದು ಹೆಸರಾದ ಇದನ್ನು ಇಂದಿಗೂ ಇ-ಮೇಲ್ ಒಪ್ಪಂದಗಳ ಚರ್ಚೆಯಲ್ಲಿ ಉಲ್ಲೇಖಿಸುತ್ತಾರೆ.

ತಂತಿಯಲ್ಲೂ ಫೋನಿನಲ್ಲೂ ಇದ್ದ ಕೊರತೆಯೆಂದರೆ ಕಳಿಸಿದವನು ಯಾರೆಂದು ಸಂದೇಶವೇ ಸಾಬೀತು ಮಾಡಲಾರದು. ಅದಕ್ಕೆ ಪರಿಹಾರ ಬಂದದ್ದು ಗಣಿತದಿಂದ. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಮಂಡಿಸಿದ ಹೊಸ ಗೂಢಲಿಪಿ ಪದ್ಧತಿಯಲ್ಲಿ ಪ್ರತಿಯೊಬ್ಬನಿಗೂ ಎರಡು ಕೀಲಿಗಳು: ಒಂದು ಅವನೊಬ್ಬನ ಬಳಿಯಲ್ಲೇ ಗುಟ್ಟಾಗಿರುವ ಖಾಸಗಿ ಕೀಲಿ, ಇನ್ನೊಂದು ಯಾರು ಬೇಕಾದರೂ ನೋಡಬಹುದಾದ ಸಾರ್ವಜನಿಕ ಕೀಲಿ. ಒಂದರಿಂದ ಮಾಡಿದ್ದನ್ನು ಇನ್ನೊಂದರಿಂದ ಪರೀಕ್ಷಿಸಬಹುದೇ ಹೊರತು ಸಾರ್ವಜನಿಕ ಕೀಲಿಯಿಂದ ಖಾಸಗಿ ಕೀಲಿಯನ್ನು ಲೆಕ್ಕ ಹಾಕಿ ತೆಗೆಯುವುದು ವ್ಯವಹಾರದಲ್ಲಿ ಅಸಾಧ್ಯ. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಇದನ್ನು ಬಳಕೆಗೆ ತರುವ ವಿಧಾನವನ್ನು ರೂಪಿಸಿದರು. ಅವರ ಹೆಸರಿನ ಮೊದಲಕ್ಷರಗಳಿಂದ ಅದು ಆರ್‌ಎಸ್‌ಎ ಎನಿಸಿತು.

ಡಿಜಿಟಲ್ ಸಹಿ ನಡೆಯುವ ಬಗೆ ಹೀಗೆ. ಉತಾರದ ಕಡತವನ್ನು ಮೊದಲು 'ಹ್ಯಾಶ್' ಎಂಬ ಲೆಕ್ಕಾಚಾರಕ್ಕೆ ಒಡ್ಡಿದಾಗ ನಿಗದಿತ ಉದ್ದದ ಒಂದು ಸಂಖ್ಯೆ ಬರುತ್ತದೆ. ಸರ್ವೆ ನಂಬರಿನ ಒಂದಂಕಿ ಬದಲಾದರೂ, ಎಕರೆ ಗುಂಟೆಯ ನಡುವಿನ ಒಂದು ಚುಕ್ಕೆ ಸರಿದರೂ ಆ ಸಂಖ್ಯೆ ಗುರುತೇ ಸಿಗದಂತೆ ಬೇರೆಯಾಗುತ್ತದೆ. ಅಧಿಕಾರಿಯ ಖಾಸಗಿ ಕೀಲಿಯಿಂದ ಆ ಸಂಖ್ಯೆಯನ್ನು ರೂಪಾಂತರಿಸಿ ಕಡತಕ್ಕೆ ಜೋಡಿಸಿದ್ದೇ ಸಹಿ. ಪಡೆದವನು ಸಾರ್ವಜನಿಕ ಕೀಲಿಯಿಂದ ಅದನ್ನು ಬಿಡಿಸಿ, ತನ್ನ ಕೈಲಿರುವ ಕಡತದ ಹ್ಯಾಶ್ ಸಂಖ್ಯೆಯೊಂದಿಗೆ ತಾಳೆ ನೋಡಿದರೆ ಸಹಿ ಯಾವ ಕೀಲಿಯದೆಂಬುದೂ ಬರಹ ತಿದ್ದಲ್ಪಟ್ಟಿಲ್ಲವೆಂಬುದೂ ಒಟ್ಟಿಗೆ ತಿಳಿಯುತ್ತವೆ. ಆ ಕೀಲಿ ಇಂಥ ವ್ಯಕ್ತಿಯದೇ ಎಂದು ಹೇಳುವ ಮೂರನೆಯವನೊಬ್ಬ ಬೇಕು. ಅವನೇ ಪ್ರಮಾಣೀಕರಣ ಪ್ರಾಧಿಕಾರ. ಶಾಯಿಯ ಸಹಿ ಪ್ರತಿ ಪತ್ರದ ಮೇಲೂ ಒಂದೇ ತೆರನಾಗಿದ್ದರೆ, ಡಿಜಿಟಲ್ ಸಹಿ ಪ್ರತಿ ಪತ್ರಕ್ಕೂ ಬೇರೆ ಬೇರೆ. ಒಂದು ಪತ್ರದಿಂದ ಕತ್ತರಿಸಿ ಇನ್ನೊಂದಕ್ಕೆ ಅಂಟಿಸಲು ಬಾರದು.

ಕಾನೂನುಗಳು ಇದನ್ನು ಹಿಂಬಾಲಿಸಿದವು. ಅಮೆರಿಕದ ಯೂಟಾ ರಾಜ್ಯ 1995ರಲ್ಲಿ ಡಿಜಿಟಲ್ ಸಹಿಗಾಗಿಯೇ ಕಾಯ್ದೆ ಮಾಡಿತು. 1996ರಲ್ಲಿ ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ವ್ಯಾಪಾರ ಕಾನೂನು ಆಯೋಗವು ಎಲೆಕ್ಟ್ರಾನಿಕ್ ವಾಣಿಜ್ಯದ ಮಾದರಿ ಕಾನೂನನ್ನು ಸಿದ್ಧಪಡಿಸಿತು. ಅದನ್ನು ಅನುಸರಿಸಿದ ಭಾರತದ ಮಾಹಿತಿ ತಂತ್ರಜ್ಞಾನ ಅಧಿನಿಯಮವು 2000ದ ಜೂನ್ 9ರಂದು ರಾಷ್ಟ್ರಪತಿಗಳ ಅಂಕಿತ ಪಡೆದು ಅಕ್ಟೋಬರ್ 17ರಂದು ಜಾರಿಯಾಯಿತು. ಅಮೆರಿಕದ ಕೇಂದ್ರ ಕಾಯ್ದೆಗೆ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ್ದು ಅದೇ ಜೂನ್ 30ರಂದು, ಅಂದರೆ ಭಾರತದ ಕಾಯ್ದೆ ಅದಕ್ಕಿಂತ ಮೂರು ವಾರ ಹಿರಿಯದು. ಆದರೆ ಎರಡರ ಸ್ವಭಾವ ಬೇರೆ: ಅಮೆರಿಕ ಯಾವ ತಂತ್ರವನ್ನೂ ಹೆಸರಿಸದೆ, ಒಪ್ಪುವ ಉದ್ದೇಶವಿದ್ದರೆ ಸಾಕೆಂದಿತು, ಭಾರತ ಎರಡು ಕೀಲಿ ಮತ್ತು ಹ್ಯಾಶ್‌ನ ತಂತ್ರವನ್ನು ಕಾಯ್ದೆಯ 3ನೆಯ ಕಲಮಿನಲ್ಲೇ ಬರೆದಿಟ್ಟು, ಅದರ ಮೇಲುಸ್ತುವಾರಿಗೆ ಪ್ರಮಾಣೀಕರಣ ಪ್ರಾಧಿಕಾರಗಳ ನಿಯಂತ್ರಕರನ್ನು ನೇಮಿಸಿತು. 2008ರ ತಿದ್ದುಪಡಿ 2009ರ ಅಕ್ಟೋಬರ್ 27ರಂದು ಜಾರಿಯಾದಾಗ 'ಎಲೆಕ್ಟ್ರಾನಿಕ್ ಸಹಿ' ಎಂಬ ವಿಶಾಲವಾದ ವರ್ಗ ಸೇರಿತು. ಅದರಂತೆ ಸಹಿಯ ಸಾಧನ ಸಹಿದಾರನಿಗೆ ಮಾತ್ರ ಸಂಬಂಧಿಸಿರಬೇಕು, ಸಹಿ ಮಾಡುವ ಹೊತ್ತಿನಲ್ಲಿ ಅವನ ಹತೋಟಿಯಲ್ಲಿಯೇ ಇರಬೇಕು, ಅನಂತರದ ಯಾವುದೇ ಬದಲಾವಣೆ ಪತ್ತೆಯಾಗುವಂತಿರಬೇಕು. ಇವುಗಳಲ್ಲಿ ಹತೋಟಿಯ ಮಾತೇ ಮುಂದೆ ಎಲ್ಲಕ್ಕಿಂತ ಹೆಚ್ಚು ತೊಡಕಿನದಾಯಿತು.

ಎಲ್ಲ ಪತ್ರಗಳನ್ನೂ ಈ ಕಾಯ್ದೆ ಒಳಗೊಳ್ಳಲಿಲ್ಲ. ಚೆಕ್ ಹೊರತಾದ ಹುಂಡಿ, ವಚನಪತ್ರಗಳು, ಮುಖತ್ಯಾರಪತ್ರ, ನ್ಯಾಸಪತ್ರ, ಮೃತ್ಯುಪತ್ರ ಮತ್ತು ಸ್ಥಿರಾಸ್ತಿಯ ಮಾರಾಟದ ಕರಾರುಗಳನ್ನು ಹೊರಗಿಟ್ಟಿತ್ತು. 2022ರ ಸೆಪ್ಟೆಂಬರ್ 26ರ ಅಧಿಸೂಚನೆಯಲ್ಲಿ ಸ್ಥಿರಾಸ್ತಿಯ ನಮೂದನ್ನು ತೆಗೆದುಹಾಕಿ, ಹಣಕಾಸು ಸಂಸ್ಥೆಗಳ ಪರವಾದ ಕೆಲವು ವಚನಪತ್ರ ಮತ್ತು ಮುಖತ್ಯಾರಪತ್ರಗಳಿಗೂ ಅವಕಾಶ ಕೊಡಲಾಯಿತು. ಮೃತ್ಯುಪತ್ರಕ್ಕಂತೂ ಇಂದಿಗೂ ಕಾಗದ, ಶಾಯಿ, ಇಬ್ಬರು ಸಾಕ್ಷಿಗಳು ಬೇಕೇ ಬೇಕು.

ಕರ್ನಾಟಕದಲ್ಲಿ ಈ ಇತಿಹಾಸ ಕಂಪನಿಗಳ ಕಚೇರಿಯಿಂದಲ್ಲದೆ ತಹಶೀಲ್ದಾರರ ಕಚೇರಿಯಿಂದ ಆರಂಭವಾದದ್ದು ಗಮನಿಸತಕ್ಕದ್ದು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ ರೂಪುಗೊಂಡು 2002ರ ಹೊತ್ತಿಗೆ ರಾಜ್ಯದ ಅಂದಿನ ಎಲ್ಲ 177 ತಾಲ್ಲೂಕುಗಳನ್ನು ಮುಟ್ಟಿದ 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು, ಕೈಬರಹದ ಪಹಣಿ ನೀಡುವುದು ನಿಂತಿತು, 15 ರೂಪಾಯಿಗೆ ಅಚ್ಚಾದ ಉತಾರ ಕೈಗೆ ಬಂತು. ಗೋಕಾಕ, ಹುಕ್ಕೇರಿಗಳ ಕಡೆ 'ತಲಾಠಿ' ಎಂದೇ ಕರೆಯಲ್ಪಡುತ್ತಿದ್ದ ಗ್ರಾಮ ಲೆಕ್ಕಿಗರ ಚೀಲದಲ್ಲಿ ಅಲೆಯುತ್ತಿದ್ದ ದಾಖಲೆ ತಾಲ್ಲೂಕು ಕಚೇರಿಯ ಯಂತ್ರಕ್ಕೆ ಬಂದಾಗ, ಆ ಯಂತ್ರದೊಳಗೆ ಪ್ರವೇಶಿಸಲು ಸಿಬ್ಬಂದಿಯ ಬೆರಳಚ್ಚನ್ನು ಕಡ್ಡಾಯ ಮಾಡಲಾಯಿತು. ತಿದ್ದುಪಡಿ ಮಾಡಿದವರು 'ನಾನಲ್ಲ' ಎಂದು ಅನಂತರ ಹೇಳದಿರಲಿ ಎಂಬುದು ಉದ್ದೇಶ. ಶತಮಾನಕ್ಕೂ ಹೆಚ್ಚು ಕಾಲ ರೈತನ ಹೆಬ್ಬೆಟ್ಟನ್ನು ಕೇಳುತ್ತಿದ್ದ ಸರ್ಕಾರ ಈಗ ತನ್ನ ನೌಕರರ ಬೆರಳನ್ನೂ ಕೇಳಿತು. ಭೂಮಿ ಯೋಜನೆಯ ಬಗ್ಗೆ ಬಂದ ಹೊಗಳಿಕೆಗಳಲ್ಲಿ ಈ ಅಂಶಕ್ಕೆ ಸಿಗಬೇಕಾದಷ್ಟು ಮಹತ್ವ ಸಿಕ್ಕಿಲ್ಲ.

ಗೋಕಾಕ ತಾಲ್ಲೂಕನ್ನು ಒಡೆದು ರಚಿಸಿದ ಮೂಡಲಗಿ ತಾಲ್ಲೂಕು 2017-18ರ ಆಯವ್ಯಯದ ಘೋಷಣೆಯ ಫಲವಾದುದರಿಂದ, ತಾಲ್ಲೂಕು ಕಚೇರಿಯಾಗಿ ಅದು ಕೈಬರಹದ ಉತಾರವನ್ನು ಒಂದು ದಿನವೂ ಕೊಟ್ಟಿಲ್ಲ. ಅದರ ಹಳ್ಳಿಗಳ ಹಿಂದಿನ ಕಾಲದ ದಾಖಲೆಗಳು ಗೋಕಾಕ ತಾಲ್ಲೂಕಿನ ಹೆಸರಿನಲ್ಲಿವೆ. ಈ ಭಾಗದ ಬಹಳ ಹಳೆಯ ಕಂದಾಯ ಕಾಗದಗಳೋ ಮರಾಠಿಯ ಮೋಡಿ ಲಿಪಿಯಲ್ಲಿವೆ, ಅವನ್ನು ಓದಬಲ್ಲವರು ಬೆರಳೆಣಿಕೆಯಷ್ಟು. ಆ ಮೋಡಿ ಕಾಗದ ನೂರು ವರ್ಷ ಕಳೆದರೂ ಓದುವವರಿಗಾಗಿ ಕಾಯುತ್ತಿದೆ, ಆದರೆ ಇಂದಿನ ಡಿಜಿಟಲ್ ಸಹಿಯ ಪ್ರಮಾಣಪತ್ರಕ್ಕೆ ಎರಡು ಮೂರು ವರ್ಷಗಳಷ್ಟೇ ಆಯುಷ್ಯ. ಅವಧಿ ಮುಗಿದ ಮಾತ್ರಕ್ಕೆ ಅದಕ್ಕೂ ಮೊದಲು ಮಾಡಿದ ಸಹಿ ಅಸಿಂಧುವಾಗುವುದಿಲ್ಲ. ಆದರೆ ಅವಧಿಯೊಳಗೇ ಮಾಡಿದ್ದೆಂದು ತೋರಿಸಲು ನಂಬಲರ್ಹವಾದ ಕಾಲಮುದ್ರೆ ಕಡತದಲ್ಲಿರಬೇಕು. ಮೊಮ್ಮಕ್ಕಳ ಕಾಲಕ್ಕೂ ಬೇಕಾಗುವ ಜಮೀನಿನ ದಾಖಲೆಗಳ ವಿಷಯದಲ್ಲಿ ಇದು ಸಣ್ಣ ಮಾತಲ್ಲ.

ವ್ಯವಹಾರಸ್ಥರಿಗೆ ಡಿಜಿಟಲ್ ಸಹಿ ಪರಿಚಯವಾದದ್ದು ಒತ್ತಾಯದಿಂದ. 2006ರಲ್ಲಿ ಕಂಪನಿ ವ್ಯವಹಾರಗಳ ಸಚಿವಾಲಯವು ಎಂಸಿಎ-21 ವ್ಯವಸ್ಥೆಯನ್ನು ತಂದು ಕಂಪನಿಗಳ ದಾಖಲೆ ಸಲ್ಲಿಕೆಗೆ ನಿರ್ದೇಶಕರ ಡಿಜಿಟಲ್ ಸಹಿಯನ್ನು ಕಡ್ಡಾಯಗೊಳಿಸಿತು. ಸರ್ಕಾರಿ ಟೆಂಡರುಗಳು ಇ-ಸಂಗ್ರಹಣೆಗೆ ಹೋದಾಗ ತಾಲ್ಲೂಕು ಮಟ್ಟದ ಗುತ್ತಿಗೆದಾರನೂ ಅದನ್ನು ಕೊಳ್ಳಬೇಕಾಯಿತು. 2017ರ ಜುಲೈ 1ರಿಂದ ಬಂದ ಜಿಎಸ್‌ಟಿಯಲ್ಲಿ ಕಂಪನಿಗಳಿಗೆ ಡಿಜಿಟಲ್ ಸಹಿ ಮುಖ್ಯವಾದರೆ, ಸ್ವಂತ ಹೆಸರಿನಲ್ಲಿ ಅಂಗಡಿ ನಡೆಸುವ ಗೋಕಾಕದ ಕರದಂಟಿನ ವ್ಯಾಪಾರಿಗೆ ಮೊಬೈಲಿಗೆ ಬರುವ ಸಂಖ್ಯೆಯೇ ಸಾಕು. ಖಾಸಗಿ ಒಪ್ಪಂದಗಳಲ್ಲಿ ನ್ಯಾಯಾಲಯಗಳು ಇನ್ನೂ ಉದಾರವಾಗಿವೆ: ಬಾಕ್ಸೈಟ್ ಪೂರೈಕೆಯ ಬಗ್ಗೆ ಟ್ರೈಮೆಕ್ಸ್ ಮತ್ತು ವೇದಾಂತ ಕಂಪನಿಗಳ ನಡುವೆ ಇ-ಮೇಲ್‌ಗಳಲ್ಲಿ ಆದ ಕೊಡು-ಒಪ್ಪುಗಳೇ ಒಪ್ಪಂದವಾಗುತ್ತವೆ, ವಿಧ್ಯುಕ್ತ ಕರಾರಿಗೆ ಸಹಿ ಬೀಳದಿದ್ದರೂ ಬಾಧಕವಿಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿತು.

ಒತ್ತಾಯದಿಂದ ಬಂದದ್ದಕ್ಕೆ ಒತ್ತಾಯದ ಲಕ್ಷಣಗಳೂ ಅಂಟಿಕೊಂಡವು. ಖಾಸಗಿ ಕೀಲಿಯನ್ನು ಹೊತ್ತ, ಜನ 'ಡಾಂಗಲ್' ಎನ್ನುವ ಪುಟ್ಟ ಯುಎಸ್‌ಬಿ ಸಾಧನ ಎಷ್ಟೋ ಕಡೆ ಅದರ ಒಡೆಯನ ಜೇಬಿನಲ್ಲಿರದೆ ಲೆಕ್ಕಪರಿಶೋಧಕರ ಮೇಜಿನ ಖಾನೆಯಲ್ಲಿರುತ್ತದೆ, ಗುಪ್ತಸಂಖ್ಯೆ ಅದರ ಮೇಲೆಯೇ ಚೀಟಿಯಾಗಿ ಅಂಟಿರುವುದೂ ಉಂಟು. ಸರ್ಕಾರಿ ಕಚೇರಿಗಳಲ್ಲಿ ಅಧಿಕಾರಿಯ ಡಾಂಗಲನ್ನು ಗಣಕ ನಿರ್ವಾಹಕರೇ ಒತ್ತುವುದು ಗುಟ್ಟಿನ ಸಂಗತಿಯೇನಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೆಯ ಕಲಮು ಖಾಸಗಿ ಕೀಲಿಯ ಹತೋಟಿಯನ್ನು ಕಾಯುವ ಹೊಣೆಯನ್ನು ಪ್ರಮಾಣಪತ್ರ ಪಡೆದವನ ಮೇಲೆಯೇ ಹೊರಿಸುತ್ತದೆ, ಕೀಲಿ ಕೈತಪ್ಪಿದರೆ ತಡಮಾಡದೆ ಪ್ರಾಧಿಕಾರಕ್ಕೆ ತಿಳಿಸಬೇಕೆನ್ನುತ್ತದೆ. ಬೇರೆಯವರ ಎಲೆಕ್ಟ್ರಾನಿಕ್ ಸಹಿಯನ್ನು ಮೋಸದಿಂದ ಬಳಸಿದರೆ 66-ಸಿ ಕಲಮಿನಂತೆ 3 ವರ್ಷದವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ. ಆದರೆ ಒಡೆಯನೇ ನಂಬಿ ಕೊಟ್ಟ ಡಾಂಗಲಿನಿಂದ ಆದ ಸಹಿಯನ್ನು ಗಣಿತ ಒಡೆಯನ ಸಹಿಯೆಂದೇ ತೋರಿಸುತ್ತದೆ. ಹೆಬ್ಬೆಟ್ಟನ್ನು ಬಿಚ್ಚಿ ಇನ್ನೊಬ್ಬರ ಕೈಗೆ ಕೊಡಲು ಬರುತ್ತಿರಲಿಲ್ಲ.

ಈ ತೊಂದರೆಗೆ ಉತ್ತರವೆಂಬಂತೆ 2015ರ ಜನವರಿಯ ನಿಯಮಗಳಿಂದ ಆಧಾರ್ ಆಧಾರಿತ ಇ-ಸಹಿ ಬಂತು. ಇದರಲ್ಲಿ ಡಾಂಗಲ್ ಇಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಅಥವಾ ಬೆರಳಚ್ಚಿನಿಂದ ವ್ಯಕ್ತಿಯನ್ನು ಗುರುತಿಸಿ, ಆ ಕ್ಷಣಕ್ಕೆಂದೇ ಕೀಲಿಗಳನ್ನು ಹುಟ್ಟಿಸಿ, ಒಮ್ಮೆ ಸಹಿ ಮಾಡಿ ಅಳಿಸಿಹಾಕಲಾಗುತ್ತದೆ. ಪ್ರಮಾಣಪತ್ರದ ಆಯುಷ್ಯ 30 ನಿಮಿಷ. ಕೀಲಿಯನ್ನು ಕದಿಯುವ ಪ್ರಶ್ನೆ ತಪ್ಪಿತಾದರೂ ಒಟಿಪಿಯನ್ನು ಹೇಳಿಸಿಕೊಳ್ಳುವ ಪ್ರಶ್ನೆ ಹುಟ್ಟಿತು. ಬೆರಳಚ್ಚೂ ಈಗ ಹಿಂದಿನಷ್ಟು ಭದ್ರವಲ್ಲ: ನೋಂದಣಿಯಾದ ದಸ್ತಾವೇಜುಗಳ ಪ್ರತಿಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಬ್ಯಾಂಕ್ ಖಾತೆಯಿಂದ ಹಣ ಎಗರಿಸಿದ ಪ್ರಕರಣಗಳು 2023ರಲ್ಲಿ ಮಂಗಳೂರು ಮೊದಲಾದ ಕಡೆ ವರದಿಯಾದ ಮೇಲೆ, ನೋಂದಣಿ ಇಲಾಖೆ ಪ್ರತಿಗಳಲ್ಲಿ ಅದನ್ನು ಮರೆಮಾಡುವ ಕ್ರಮ ಕೈಗೊಳ್ಳಬೇಕಾಯಿತು. ಹರ್ಷೆಲ್‌ನ ಕಾಲದಲ್ಲಿ ಬೆರಳಚ್ಚು ಸಾಕ್ಷ್ಯವಷ್ಟೇ ಆಗಿತ್ತು. ಈಗ ಅದೇ ಬೀಗದ ಕೈಯೂ ಆಗಿದೆ.

ಇನ್ನು ಮುದ್ರಣದ ಗೊಂದಲ. ಡಿಜಿಟಲ್ ಸಹಿ ಇರುವುದು ಕಡತದಲ್ಲಾದುದರಿಂದ ಅದನ್ನು ಅಚ್ಚು ತೆಗೆದ ಕಾಗದದಲ್ಲಿ ಸಹಿಯ ಚಿತ್ರವಿರುತ್ತದೆಯೇ ಹೊರತು ಸಹಿ ಇರುವುದಿಲ್ಲ. ಪರಿಶೀಲಿಸದ ಗಣಕದಿಂದ ತೆಗೆದ ಪ್ರತಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆಯೊಂದು ಅಚ್ಚಾಗಿ ಬರುವುದೂ ಇದರಿಂದಲೇ. ಅದನ್ನು ಕಂಡು ಸಂಶಯಿಸುವ ಬ್ಯಾಂಕಿನ ಗುಮಾಸ್ತ ಸಂಶಯಿಸುವುದರಲ್ಲಿ ಸರಿ, ಪರಿಹಾರ ಕೇಳುವುದರಲ್ಲಿ ತಪ್ಪು. ಅವನು ಕೇಳಬೇಕಾದದ್ದು ಶಿಕ್ಕಾ ಅಲ್ಲ, ಮೂಲ ಕಡತ ಅಥವಾ ಇಲಾಖೆಯ ಜಾಲತಾಣದಲ್ಲಿ ತಾಳೆ ನೋಡಬಹುದಾದ ಸಂಖ್ಯೆ. ನ್ಯಾಯಾಲಯಗಳು ಈ ವ್ಯತ್ಯಾಸವನ್ನು ಗುರುತಿಸಿವೆ. ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ಹಾಜರುಪಡಿಸಲು ಪ್ರಮಾಣಪತ್ರ ಬೇಕೆಂದು ಸುಪ್ರೀಂ ಕೋರ್ಟಿನ 2014ರ ಅನ್ವರ್ ಮತ್ತು 2020ರ ಖೋತ್ಕರ್ ತೀರ್ಪುಗಳು ಹೇಳಿದವು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಸಂಖ್ಯೆಗೂ ಜಾಗವಿದೆ. ಗೋಕಾಕ ಅಥವಾ ಹುಕ್ಕೇರಿಯ ಸಿವಿಲ್ ನ್ಯಾಯಾಲಯದಲ್ಲಿ ಜಮೀನಿನ ದಾವೆ ನಡೆಸುವ ವಕೀಲರು ಕಕ್ಷಿದಾರನಿಗೆ ಅಚ್ಚು ಪ್ರತಿಯ ಜೊತೆಗೆ ಕಡತವನ್ನೂ ಜೋಪಾನವಾಗಿಡಲು ಹೇಳುವುದು ಇಂದಿನ ಅಗತ್ಯ.

ಹೀಗೆ ಒಪ್ಪಿದವನು ಯಾರು, ಒಪ್ಪಿದ ಬರಹ ಯಾವುದು ಎಂಬೆರಡು ಪ್ರಶ್ನೆಗಳಿಗೆ ಗಣಿತವೂ ಕಾನೂನೂ ಸೇರಿ ಉತ್ತರ ಕೊಟ್ಟಿವೆ. ತಿಳಿದು ಒಪ್ಪಿದನೇ ಎಂಬುದಕ್ಕೆ ಮಾಹಿತಿ ತಂತ್ರಜ್ಞಾನ ಅಧಿನಿಯಮ ಉತ್ತರ ಕೊಡುವುದಿಲ್ಲ. ಸೇವಾ ಕೇಂದ್ರದ ಪರದೆ ನಿರ್ವಾಹಕನ ಕಡೆಗೆ ತಿರುಗಿರುತ್ತದೆ, ಕರಾರಿನ ಭಾಷೆ ಇಂಗ್ಲಿಷು, ರೈತನ ಪಾಲಿಗೆ ಉಳಿಯುವುದು ಮೊಬೈಲಿಗೆ ಬಂದ ಆರು ಅಂಕಿಗಳನ್ನು ಓದಿ ಹೇಳುವ ಕೆಲಸ. ಬೆಳೆಸಾಲದ ಪತ್ರಕ್ಕೂ ಖಾಸಗಿ ಸಾಲದ ಕರಾರಿಗೂ ಕೇಳುವುದು ಅದೇ ಆರು ಅಂಕಿ. 1879ರಲ್ಲಿ ಗುರುತು ಹಾಕುವವನಿಗೆ ಪತ್ರವನ್ನು ಓದಿ ಹೇಳಬೇಕೆಂದು ವಿಧಿಸಿದ್ದ ಪರಂಪರೆಯ ನಾಡಿನಲ್ಲಿ, ಒಟಿಪಿ ಕೇಳುವ ಮೊದಲು ಪತ್ರದ ಸಾರಾಂಶವನ್ನು ಕನ್ನಡದಲ್ಲಿ, ಸಹಿದಾರನ ಮೊಬೈಲಿಗೇ, ಓದಲು ಬಾರದವರಿಗೆ ಧ್ವನಿಯಲ್ಲಿ ಕಳಿಸಬೇಕೆಂಬ ನಿಯಮ ತರುವುದು ತಂತ್ರಜ್ಞಾನಕ್ಕೆ ಹೊರೆಯೇನಲ್ಲ. ಇ-ಸಹಿಯ ನಿಯಮಗಳನ್ನು ರೂಪಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ತನ್ನದೇ ಸೇವಾ ಕೇಂದ್ರಗಳಲ್ಲಿ ಇಂಥ ಕ್ರಮವನ್ನು ಜಾರಿಗೆ ತರಲು ರಾಜ್ಯ ಸರ್ಕಾರ ಅದಕ್ಕಾಗಿ ಕಾಯಬೇಕಾಗಿಲ್ಲ.